ನಂದಿಯ ಮುಂದಿನ ಕುರ್ಚಿ

ನಮ್ಮ ಕಾಲೇಜಿನಲ್ಲಿ ನಿವೃತ್ತರಾದವರೆಲ್ಲ ಸಜ್ಜನರು, ತೀರಿಕೊಂಡವರೆಲ್ಲ ಮಹಾನುಭಾವರು. ಶಾಲು ಹೊದಿಸುವ ದಿನದವರೆಗೆ ಯಾರು ಬಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಪೇಪರು ಎತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದರೋ, ಮಾರನೆಯ ದಿನದಿಂದ ಅವರೇ 'ಎಂಥಾ ಮನುಷ್ಯ ಕಣ್ರೀ' ಆಗಿಬಿಡುತ್ತಾರೆ. ನಾನು ಈಗ ಬರೆಯಹೊರಟಿರುವವರಿಗೆ ಆ ಬಡ್ತಿ ಸಿಗಲಿಲ್ಲ. ನಿವೃತ್ತರೂ ಆದರು, ವರ್ಷ ತುಂಬುವುದರೊಳಗೆ ತೀರಿಯೂ ಹೋದರು. ಆದರೂ ಗಾಂಧಿ ಬಜಾರಿನಲ್ಲಿ ನಮ್ಮವರು ಯಾರಾದರೂ ಸಿಕ್ಕಿ ಅವರ ವಿಷಯ ಬಂದರೆ ಮೊದಲು ಕೇಳುವುದು, 'ಅಯ್ಯೋ, ಆ ಜಗಳಗಂಟನಾ!' ಎಂದೇ. ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಎದ್ದು ಬಂದು, 'ಪರ್ಮಿಷನ್ ತಗೊಂಡಿದೀರಾ ಮೇಷ್ಟ್ರೇ?' ಎಂದು ಕೇಳುವ ಪೈಕಿ ಅವರು.

ಬಸವನಗುಡಿಯ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಗಣಿತ ಹೇಳುತ್ತೇನೆ. ಅವರು ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ. ಚಿಕ್ಕಪೇಟೆಯಲ್ಲಿ ತಾತನ ಕಾಲದಿಂದ ಸೀರೆ ವ್ಯಾಪಾರದ ಮನೆತನ. ಅಣ್ಣತಮ್ಮಂದಿರೆಲ್ಲ ಗಾದಿಯ ಮೇಲೆ ಕುಳಿತು ರೇಷ್ಮೆ ಬಿಚ್ಚಿ ತೋರಿಸುತ್ತಿದ್ದರೆ ಇವರೊಬ್ಬರು ಕಂಪ್ಯೂಟರ್ ಕಾಯಲು ಬಂದರು. 'ಗಿರಾಕಿ ಹತ್ರ ನಗ್ತಾ ಮಾತಾಡೋಕೆ ನಂಗಾಗಲ್ಲ ಅಂತ ನಮ್ಮಪ್ಪನಿಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು' ಎಂದು ಅವರೇ ಹೇಳುತ್ತಿದ್ದರು. ಆ ತಂದೆ ಬಹಳ ಸೂಕ್ಷ್ಮಮತಿಯೇ ಇರಬೇಕು.

ಹಣೆಯ ಮೇಲೆ ವಿಭೂತಿ, ವಿಭೂತಿಯ ಮೇಲೆ ಏರಿಸಿಟ್ಟ ಕನ್ನಡಕ, ಇಸ್ತ್ರಿ ಮುರಿಯದ ಅರ್ಧ ತೋಳಿನ ಬಿಳಿ ಅಂಗಿ. ಚಾಮರಾಜಪೇಟೆಯಿಂದ ನಡೆದೇ ಬರುತ್ತಿದ್ದರು. ಲ್ಯಾಬಿನ ಒಳಗೆ ಚಪ್ಪಲಿ ಇಲ್ಲ, ತಿಂಡಿ ಇಲ್ಲ, ಫೋನಿನಲ್ಲಿ ಮಾತಿಲ್ಲ. ಯಾರೋ ಮೂಲೆಯಲ್ಲಿ ಕೋಡುಬಳೆ ಮುರಿದರೆ ಈ ಮೂಲೆಯಲ್ಲಿ ಇವರ ಕಿವಿ ನೆಟ್ಟಗಾಗುತ್ತಿತ್ತು. ಯಾರಾದರೂ 'ಸಾರ್, ಒಂದ್ ನಿಮಿಷ' ಎಂದರೆ ಕನ್ನಡಕ ಇಳಿಸಿ, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಮೂಗಿಗೇರಿಸಿ, ಎದುರಿನವರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ಅಷ್ಟರಲ್ಲಿ ಅರ್ಧ ಜನ 'ಬೇಡ ಬಿಡಿ ಸಾರ್, ನಾನೇ ನೋಡ್ಕೋತೀನಿ' ಎಂದು ವಾಪಸ್ ಹೋಗಿಬಿಡುತ್ತಿದ್ದರು. ಇದನ್ನು ಅವರು ತಮ್ಮ ಇಲಾಖೆಯ ಅತ್ಯಂತ ಯಶಸ್ವಿ ಸೇವೆ ಎಂದು ಭಾವಿಸಿದ್ದರು.

ಇನ್ನು ನಂದಿಯ ವಿಷಯ. ನಂದಿ ಎಂದರೆ ಲ್ಯಾಬಿನ ತುದಿಯಲ್ಲಿದ್ದ ದೊಡ್ಡ ಯೂನಿಕ್ಸ್ ಕಂಪ್ಯೂಟರ್. ಹೆಸರಿಟ್ಟವರು ಅವರೇ, ದೊಡ್ಡ ಬಸವಣ್ಣನ ಗುಡಿ ಕೂಗಳತೆಯಲ್ಲಿರುವಾಗ ಬಹಳ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಮನೆಯ ಕಂಪ್ಯೂಟರಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ: ಮನೆಯದು ಒಬ್ಬರದು, ಇದು ಎಲ್ಲರದು. ಅವರವರ ಮೇಜಿನಲ್ಲಿ ಕುಳಿತುಕೊಂಡೇ ಹತ್ತಾರು ಮಂದಿ ಒಂದೇ ಹೊತ್ತಿಗೆ ಇದರಲ್ಲಿ ಕೆಲಸ ಮಾಡುತ್ತಿದ್ದರು. ಒಬ್ಬರ ಲೆಕ್ಕ ಒಂದು ಗಂಟೆಯದು, ಇನ್ನೊಬ್ಬರದು ವಾರಗಟ್ಟಲೆಯದು. ನಂದಿಗೆ ನೇರವಾಗಿ ಸಿಕ್ಕಿಸಿದ ಕೀಬೋರ್ಡು ಮಾತ್ರ ಒಂದೇ. ಅದರ ಮುಂದೆ ಒಂದು ಕುರ್ಚಿ. ಆ ಕೀಬೋರ್ಡಿನಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಆರಿ ಮತ್ತೆ ಮೊದಲಿನಿಂದ ಹೊತ್ತಿಕೊಳ್ಳುತ್ತದೆ. ಒತ್ತಿದವರ ಕೆಲಸವಷ್ಟೇ ಅಲ್ಲ, ಉಳಿದ ಅಷ್ಟೂ ಜನರ ಕೆಲಸ ಆ ಕ್ಷಣಕ್ಕೆ ಮಣ್ಣುಪಾಲು.

ಒತ್ತಬೇಡಿ ಎಂದು ಹೇಳಿದರೆ ಮುಗಿಯಿತಲ್ಲ ಎನ್ನುತ್ತೀರಿ. ನಮ್ಮ ಮೇಷ್ಟ್ರುಗಳ ಜಾಣತನ ಇರುವುದೇ ಇಲ್ಲಿ. ಕಾಲೇಜಿನ ಆಫೀಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಇರುವ ಸಾಮಾನ್ಯ ಕಂಪ್ಯೂಟರುಗಳು ಬೆಳಗ್ಗೆ ಬಾಗಿಲು ತೆರೆಯಬೇಕಾದರೆ ಇದೇ ಮೂರು ಕೀ ಒತ್ತಬೇಕು. ಅಲ್ಲಿ ಅದು ನಮಸ್ಕಾರ ಇದ್ದ ಹಾಗೆ. ವರ್ಷಗಟ್ಟಲೆ ಒತ್ತಿ ಒತ್ತಿ ನಮ್ಮ ಅಧ್ಯಾಪಕರ ಬೆರಳುಗಳಿಗೆ ಅದು ಅಂಟಿಹೋಗಿತ್ತು. ಲ್ಯಾಬಿಗೆ ಬಂದು ಆ ಕುರ್ಚಿಯಲ್ಲಿ ಕೂರುವುದು, ಪಕ್ಕದವರ ಕಡೆ ತಿರುಗಿ 'ಏನ್ ಸಮಾಚಾರ' ಎನ್ನುವುದು, ಅದೇ ಹೊತ್ತಿಗೆ ಬೆರಳು ತಾನಾಗಿ ಮೂರು ಕೀಗಳ ಮೇಲೆ ಇಳಿಯುವುದು. ಲ್ಯಾಬಿನ ತುಂಬ 'ಅಯ್ಯಯ್ಯೋ!' ಎದ್ದ ಮೇಲೆ, 'ಏನಾಯ್ತು? ಕರೆಂಟ್ ಹೋಯ್ತಾ?' ಎಂದು ಕೇಳುವವರೂ ಅವರೇ. ಇಂಥವರ ಹೆಸರಿನ ಹಿಂದೆ ಡಾಕ್ಟರ್ ಎಂದು ಇರುತ್ತಿತ್ತು.

'ಮೇಷ್ಟ್ರೇ, ನಮ್ಮಂಗಡಿ ತುಂಬಾ ಗಿರಾಕಿಗಳು ಕೂತಿರ್ತಾರೆ' ಎಂದು ಒಮ್ಮೆ ಬೈಟು ಕಾಫಿ ಕುಡಿಯುತ್ತಾ ನನಗೆ ಪಾಠ ಮಾಡಿದರು. 'ಒಬ್ರು ಮಗಳ ಧಾರೆ ಸೀರೆ ನೋಡ್ತಿರ್ತಾರೆ, ಇನ್ನೊಬ್ರಿಗೆ ಬ್ಲೌಸ್ ಪೀಸ್ ಸಾಕು. ಬ್ಲೌಸ್ ಪೀಸ್‌ನೋರಿಗೆ ಬಣ್ಣ ಒಪ್ಪಿಗೆ ಆಗ್ಲಿಲ್ಲ ಅಂತ ಎದ್ದು ದೀಪ ಆರಿಸಿ ಶಟರ್ ಎಳೆದ್ಬಿಟ್ರೆ ಹೆಂಗಿರತ್ತೆ? ನಿಮ್ ಡಾಕ್ಟರುಗಳು ಮಾಡ್ತಿರೋದು ಅದೇ.'

'ಹೇಳಿ ನೋಡ್ಬೇಕು ಅವರಿಗೆ' ಎಂದೆ.

'ಹೇಳೋದು ವೇಸ್ಟು. ಶಟರ್ ಹಗ್ಗಾನೇ ಕತ್ತರಿಸ್ಬಿಡ್ಬೇಕು.'

ಕತ್ತರಿಸಿಯೂ ಬಿಟ್ಟರು. ನಂದಿಯ ಒಳಗಿನ ಯಾವುದೋ ಫೈಲಿನಲ್ಲಿ ಒಂದು ಸಾಲು ಬದಲಾಯಿಸಿದರು, ಅಷ್ಟೇ. ಆವತ್ತಿನಿಂದ ಮೂರು ಕೀ ಒತ್ತಿದರೆ ನಂದಿ ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ. ಬೇರೆ ಯಾರಾಗಿದ್ದರೂ ಇಷ್ಟಕ್ಕೆ ಸುಮ್ಮನಾಗುತ್ತಿದ್ದರು. ಇವರು ಒತ್ತಿದವರ ಮಾನವನ್ನೂ ಹರಾಜಿಗಿಟ್ಟರು. ಯಾರಾದರೂ ಒತ್ತಿದ ಕೂಡಲೇ ನಂದಿಯಲ್ಲಿ ಕೆಲಸ ಮಾಡುತ್ತಿದ್ದ ಎಲ್ಲರ ಪರದೆಯ ಮೇಲೂ ಒಂದು ಸಂದೇಶ ಬರುತ್ತಿತ್ತು: 'ನಂದಿಯ ಮುಂದೆ ಕುಳಿತಿರುವವರು ಈಗ ತಾನೆ ಮೂರು ಕೀ ಒತ್ತಿದ್ದಾರೆ. ದಯವಿಟ್ಟು ಎದ್ದು ನಿಂತು ಅವರನ್ನು ನೋಡಿ.' ಎಲ್ಲರೂ ಎದ್ದು ನಿಂತು ನೋಡುತ್ತಿದ್ದರು. ಕುಳಿತವರು ಕಿವಿಯವರೆಗೆ ಕೆಂಪಾಗುತ್ತಿದ್ದರು. ನಾನೂ ಒಂದು ಸಲ ಕೆಂಪಾಗಿದ್ದೇನೆ, ಗಣಿತದವನಾಗಿದ್ದೂ.

ಹಕ್ಕು ಕಳೆದುಕೊಂಡವರು ಸುಮ್ಮನಿರುತ್ತಾರೆಯೇ? ಮೂರು ಕೀ ಹೋದರೆ ಏನಂತೆ, ಪವರ್ ಬಟನ್ ಇದೆಯಲ್ಲ ಎಂದು ಅದಕ್ಕೆ ಕೈ ಹಾಕಿದರು. ಇವರು ಅದನ್ನೂ ಸಾಯಿಸಿದರು. ಅವರು ಪ್ಲಗ್ ಕೀಳಲು ಹೊರಟರು; ಪ್ಲಗ್ಗಿಗೆ ಜಾಲರಿ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ ಬಿತ್ತು. ಸ್ಟಾಫ್ ಮೀಟಿಂಗಿನಲ್ಲಿ ಒಬ್ಬರು ಇದನ್ನು ಬೌದ್ಧಿಕ ಸ್ವಾತಂತ್ರ್ಯದ ಪ್ರಶ್ನೆ ಎಂದರು. ಅವರ ಬೌದ್ಧಿಕತೆ ಡಿಲೀಟ್ ಕೀಯಲ್ಲಿ ಇತ್ತು ಎಂದು ನಮಗೆಲ್ಲ ಆವತ್ತೇ ಗೊತ್ತಾದದ್ದು.

ಲ್ಯಾಬಿನಾಚೆಯೂ ಅವರು ಹೀಗೆಯೇ. ಅವರ ಚಾಮರಾಜಪೇಟೆಯ ಫ್ಲ್ಯಾಟಿನಲ್ಲಿ ಎಲ್ಲರಿಗೂ ಸೇರಿ ಒಂದೇ ನೀರಿನ ಮೋಟರು. ಕೆಳಗಿನ ಮನೆಯವರಿಗೆ ಅದರ ಸದ್ದು ಆಗದು. ತಮ್ಮ ಟಿವಿ ಕೇಳಿಸುತ್ತಿಲ್ಲ ಎಂದು ಬಂದು ಆರಿಸಿಬಿಡುತ್ತಿದ್ದರಂತೆ. ಮೇಲಿನವರು ತಲೆಗೆ ಸೋಪು ಹಚ್ಚಿಕೊಂಡು ನಿಂತಿರುತ್ತಿದ್ದರು. ಇವರು ಸ್ವಿಚ್ಚನ್ನೇ ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದರು. ಪರಿಣಾಮವಾಗಿ ಇಡೀ ಕಟ್ಟಡದವರು ಇವರ ಜತೆ ಮಾತು ಬಿಟ್ಟರು, ಯಾರ ತಲೆಯ ಸೋಪು ಉಳಿಯಿತೋ ಅವರೂ ಸೇರಿ. 'ಒಳ್ಳೇದಾಯ್ತು, ಲಿಫ್ಟಲ್ಲಿ ನಿಶ್ಶಬ್ದ' ಎಂದು ನನ್ನ ಹತ್ತಿರ ಹೇಳಿಕೊಂಡರು. ನಗುತ್ತಲೇ ಹೇಳಿದರು, ಆದರೆ ಆವತ್ತು ಕಾಫಿಯನ್ನು ಅರ್ಧಕ್ಕೇ ಬಿಟ್ಟರು.

ಅವರ ನಿವೃತ್ತಿಯ ಹೊತ್ತಿಗೆ ಇಬ್ಬರು ಈ ಕಥೆಯೊಳಗೆ ಬರುತ್ತಾರೆ. ಒಬ್ಬರು ಶೈಲಜಾ. ಸಿವಿಲ್ ವಿಭಾಗದ ಅಧ್ಯಾಪಕಿ. ಮನೆ, ಮಗು, ಕ್ಲಾಸು, ವ್ಯಾಲ್ಯುಯೇಷನ್ ಎಲ್ಲದರ ನಡುವೆ ಪಿಎಚ್.ಡಿ. ಮಾಡುತ್ತಿದ್ದರು. ವೃಷಭಾವತಿ ಕಣಿವೆಯಲ್ಲಿ ದೊಡ್ಡ ಮಳೆ ಬಂದರೆ ನೀರು ಯಾವ ಬೀದಿಗೆ ನುಗ್ಗುತ್ತದೆ ಎಂಬ ಲೆಕ್ಕ. ಆ ಲೆಕ್ಕ ನಂದಿಯಲ್ಲಿ ವಾರಗಟ್ಟಲೆ ಓಡಬೇಕು. ಪ್ರೋಗ್ರಾಮು ಅವರ ಗೈಡಿನ ಗೈಡಿನ ಕಾಲದ್ದು. ನಡುವೆ ನಿಲ್ಲಿಸಿ ಮುಂದುವರಿಸುವ ಪದ್ಧತಿಯೇ ಅದಕ್ಕೆ ಗೊತ್ತಿಲ್ಲ. ನಿಂತರೆ ಮತ್ತೆ ಮೊದಲಿನಿಂದ. ಅದನ್ನು ತಿದ್ದಲು ಗೈಡು ಬಿಡರು, ಯಾಕೆಂದರೆ ಅದು ಗುರುಪ್ರಸಾದ. ಮೊದಲ ಸಲ ಓಡಿಸಿದಾಗ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು, ಯುಪಿಎಸ್ ಕೈಕೊಟ್ಟು ಎಲ್ಲ ಹೋಯಿತು. ಎರಡನೆಯ ಸಲ ಶುರು ಮಾಡುವ ಹೊತ್ತಿಗೆ ಯೂನಿವರ್ಸಿಟಿ ಕೊಟ್ಟದ್ದು ಕಟ್ಟಕಡೆಯ ಗಡುವು. ಅಷ್ಟರಲ್ಲಿ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಅಷ್ಟು ವರ್ಷಗಳ ಕೆಲಸ ನೀರಿನಲ್ಲಿ ಹೋಮ. ಈ ಸಲ ನಂದಿ ನಡುವೆ ನಿಂತರೆ ಮೂರನೆಯ ಸಲಕ್ಕೆ ಸಮಯವೇ ಇರಲಿಲ್ಲ.

ಇನ್ನೊಬ್ಬರು ನಮ್ಮ ಎಚ್‌ಓಡಿ, ಅಂದರೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು; ಗಣಿತದವರೂ ಅವರ ಕೈಕೆಳಗೇ. ದೀಪ ಬೆಳಗುವುದರಲ್ಲಿ, ರಿಬ್ಬನ್ ಕತ್ತರಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಕಂಪ್ಯೂಟರಿನ ವಿಷಯಕ್ಕೆ ಬಂದರೆ ಬೆಳಗ್ಗೆ ಅದನ್ನು ತೆರೆಯಲು ಮೂರು ಕೀ ಒತ್ತಬೇಕು ಎಂಬುದು ಅವರಿಗೆ ಖಚಿತವಾಗಿ ಗೊತ್ತಿತ್ತು. ಮನುಷ್ಯ ಕೆಟ್ಟವರಲ್ಲ. ಹುಟ್ಟುಹಬ್ಬಕ್ಕೆ ಎಲ್ಲರಿಗೂ ಮೈಸೂರುಪಾಕು ಕೊಡುತ್ತಿದ್ದರು.

ಕಾಲೇಜಿಗೆ ಮಾನ್ಯತೆ ಕೊಡುವ ಸಮಿತಿ ಬಂದದ್ದು ಅದೇ ದಿನಗಳಲ್ಲಿ. ಸೂಟು ಹಾಕಿಕೊಂಡ ಎಚ್‌ಓಡಿ ಸಮಿತಿಯವರನ್ನು ಲ್ಯಾಬಿಗೆ ಕರೆತಂದು, 'ದಿಸ್ ಈಸ್ ಅವರ್ ನಂದಿ' ಎಂದು ಕುರ್ಚಿಯಲ್ಲಿ ಕುಳಿತರು. ಕುಳಿತವರೇ ಸಮಿತಿಯ ಅಧ್ಯಕ್ಷರ ಕಡೆ ತಿರುಗಿ ನಕ್ಕರು. ಬೆರಳು ಅಭ್ಯಾಸದಂತೆ ಇಳಿಯಿತು. ಎಲ್ಲ ಪರದೆಗಳ ಮೇಲೆ ಸಂದೇಶ ಬಂತು, ಲ್ಯಾಬಿನಲ್ಲಿದ್ದ ಅಷ್ಟೂ ಜನ ಒಟ್ಟಿಗೆ ಎದ್ದು ನಿಂತು ಎಚ್‌ಓಡಿಯವರನ್ನೇ ನೋಡಿದರು. ಅಧ್ಯಕ್ಷರಿಗೆ ಕನ್ನಡ ಬಾರದು. ಅವರು ಇದು ತಮಗೆ ಸಲ್ಲಿಸಿದ ಗೌರವ ಎಂದುಕೊಂಡು ಕೈ ಮುಗಿದು, ಇಂಥ ಶಿಸ್ತನ್ನು ಎಲ್ಲೂ ಕಂಡಿಲ್ಲ ಎಂದರು. ಕಾಲೇಜಿಗೆ ಒಳ್ಳೆಯ ದರ್ಜೆಯೂ ಸಿಕ್ಕಿತು. ಆದರೆ ಎಚ್‌ಓಡಿಯವರಿಗೆ ಕನ್ನಡ ಬರುತ್ತಿತ್ತಲ್ಲ, ಅದೇ ತೊಂದರೆಯಾದದ್ದು.

ಅವಮಾನ ನುಂಗಿಕೊಂಡು ಅವರು ತಿಂಗಳ ಕೊನೆಯವರೆಗೆ ಕಾದರು. ತಿಂಗಳ ಕೊನೆಗೆ ನಮ್ಮವರ ನಿವೃತ್ತಿ. ನಮ್ಮಲ್ಲಿ ನಿವೃತ್ತರಾಗುವವರು ತಮ್ಮ ವಶದಲ್ಲಿರುವ ಪ್ರತಿಯೊಂದು ವಸ್ತುವನ್ನೂ ಬಂದಾಗ ಹೇಗಿತ್ತೋ ಹಾಗೆ ಒಪ್ಪಿಸಬೇಕು. ಆಮೇಲೆ ಎಚ್‌ಓಡಿ 'ನೋ ಡ್ಯೂಸ್' ಪತ್ರಕ್ಕೆ ಸಹಿ ಹಾಕುತ್ತಾರೆ. ಅದಿಲ್ಲದೆ ಪಿಂಚಣಿಯ ಕಡತ ಮೇಜಿನಿಂದ ಮೇಜಿಗೆ ಸರಿಯುವುದಿಲ್ಲ. ಹೊಸಬರ ನೇಮಕ ಆಗಿರಲಿಲ್ಲವಾದ್ದರಿಂದ ಲ್ಯಾಬಿನ ಹೆಚ್ಚುವರಿ ಹೊಣೆ ಎಚ್‌ಓಡಿಯವರೇ ವಹಿಸಿಕೊಳ್ಳುವವರಿದ್ದರು. ನಾನು ಸಾಕ್ಷಿ ಸಹಿಗೆಂದು ಪಕ್ಕದಲ್ಲೇ ಕುಳಿತಿದ್ದೆ.

'ಈ ಮಿಷನ್ ಕಂಪನಿಯಿಂದ ಬಂದಾಗ ಮೂರು ಕೀ ವರ್ಕ್ ಆಗ್ತಿತ್ತಾ?' ಎಂದು ಎಚ್‌ಓಡಿ ಕೇಳಿದರು.

'ಆಗ್ತಿತ್ತು.'

'ಈಗ ಆಗತ್ತಾ?'

'ಇಲ್ಲ.'

'ಅಂದ್ರೆ ಕೆಟ್ಟಿರೋ ಮಿಷನ್ ನನ್ನ ತಲೆಗೆ ಕಟ್ತಿದೀರಿ. ಸರಿ ಮಾಡಿ ಕೊಡಿ, ಸೈನ್ ಹಾಕ್ತೀನಿ.'

'ಸಾರ್, ಶೈಲಜಾ ಮೇಡಂದು ಲೆಕ್ಕ ಇನ್ನೂ ಓಡ್ತಿದೆ. ಮುಂದಿನ್ ತಿಂಗಳು ಮೊದಲನೇ ವಾರ ಕಳೆದ್ರೆ ಮುಗ್ಯತ್ತೆ. ಆಮೇಲೆ ನಾನೇ ಬಂದು ತೆಗೆದ್ಕೊಡ್ತೀನಿ.'

'ನಾನೇನು ಬೇಕೂಂತ ಒತ್ತೋಕೆ ಹೋಗ್ತೀನೇನ್ರೀ? ಅಷ್ಟೂ ಗೊತ್ತಾಗಲ್ವಾ ನಂಗೆ? ಒತ್ತೋ ಪವರ್ ಇರ್ಬೇಕು, ಅಷ್ಟೆ.'

ನಮ್ಮವರು ಕನ್ನಡಕ ಇಳಿಸಿ ಒರೆಸಿದರು. ಮತ್ತೆ ಹಾಕಿಕೊಂಡು ಎಚ್‌ಓಡಿಯವರ ಬೆರಳುಗಳನ್ನೇ ನೋಡಿದರು. ಬೇಕೆಂದು ಒತ್ತುವವರ ಭಯ ಅವರಿಗೆ ಯಾವತ್ತೂ ಇರಲಿಲ್ಲ.

ಹೊರಗೆ ಬಂದ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು. 'ಮಾಡ್ಬೇಡಿ ಸಾರ್, ಏನ್ ಮಾಡ್ತಾರೋ ನೋಡೋಣ' ಎಂದೆ. ಪಿಂಚಣಿ ನನ್ನದಲ್ಲವಲ್ಲ, ಧೈರ್ಯ ಉಕ್ಕಿ ಬಂತು. ಕೀಬೋರ್ಡನ್ನೇ ಕಿತ್ತು ಬೀರುವಿನಲ್ಲಿ ಇಡಿ ಎಂದೆ. 'ಕೀಬೋರ್ಡ್ ಜೋಡಿಸಿರೋ ಹಂಗೇ ಒಪ್ಪಿಸ್ಬೇಕು ಮೇಷ್ಟ್ರೇ. ರೂಲ್ಸು ನನ್ಗಿಂತ ಚೆನ್ನಾಗಿ ಓದ್ಕೊಂಡಿದಾರೆ ಅವ್ರು' ಎಂದು ಲ್ಯಾಬಿಗೆ ಹೋಗಿ, ತಾವೇ ಬದಲಾಯಿಸಿದ ಆ ಸಾಲನ್ನು ಮೊದಲಿದ್ದಂತೆ ಮಾಡಿದರು. ಎಚ್‌ಓಡಿ ಸಹಿ ಹಾಕಿದರು. ಶೈಲಜಾ ಬಾಗಿಲ ಬಳಿ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು.

'ಈಗೇನ್ ಗತಿ ಸರ್?' ಎಂದು ಕೇಳಿದರು.

'ನೀವು ನಿಮ್ ಕ್ಲಾಸ್ ನೋಡ್ಕೊಳ್ಳಿಮ್ಮ' ಎಂದಷ್ಟೇ ಹೇಳಿದರು. ಅವರ ಸಾಂತ್ವನದ ಭಂಡಾರದಲ್ಲಿ ಇದ್ದ ಅತಿ ಮೃದುವಾದ ಮಾತು ಅದು.

ಬೀಳ್ಕೊಡುಗೆ ಯಥಾಪ್ರಕಾರ ಆಯಿತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಎಚ್‌ಓಡಿ ತಮ್ಮ ಭಾಷಣದಲ್ಲಿ, 'ಈ ಕಾಲೇಜಿನ ಬಾಗಿಲು ಅವರಿಗೆ ಯಾವಾಗಲೂ ತೆರೆದಿರುತ್ತದೆ' ಎಂದರು. ಎಲ್ಲ ಬೀಳ್ಕೊಡುಗೆಯಲ್ಲೂ ಅವರು ಹೇಳುವ ಮಾತು ಅದು, ಈವರೆಗೆ ಯಾರೂ ಅದನ್ನು ನಿಜವೆಂದು ತಿಳಿದಿರಲಿಲ್ಲ.

ಮಾರನೆಯ ಬೆಳಗ್ಗೆ ಗೇಟಿನಲ್ಲಿ ನಮ್ಮವರು ನಿಂತಿದ್ದರು, ಅದೇ ಬಿಳಿ ಅಂಗಿ, ಕೈಯಲ್ಲಿ ಟಿಫನ್ ಕ್ಯಾರಿಯರ್. ಹೊರಗಿನವರಾದ್ದರಿಂದ ಸಂದರ್ಶಕರ ಪುಸ್ತಕದಲ್ಲಿ ಬರೆಯಬೇಕಲ್ಲ. ಬಂದ ಉದ್ದೇಶ ಎಂಬಲ್ಲಿ 'ಕೂರುವುದು' ಎಂದು ಬರೆದರು. ಸೆಕ್ಯೂರಿಟಿಯವನಿಗೆ ಇವರನ್ನು ತಡೆಯಬೇಕೋ ಸೆಲ್ಯೂಟ್ ಹೊಡೆಯಬೇಕೋ ಗೊತ್ತಾಗದೆ ಎರಡನ್ನೂ ಅರ್ಧರ್ಧ ಮಾಡಿದನಂತೆ. ಇವರು ಸೀದಾ ಲ್ಯಾಬಿಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ನಂದಿಯ ಮುಂದಿನ ಕುರ್ಚಿಯಲ್ಲಿ ಕುಳಿತರು.

ಎಚ್‌ಓಡಿ ಬಂದು ಬೆಪ್ಪಾದರು. 'ಏನ್ ಸಾರ್, ಇಲ್ಲಿ?'

'ಮನೇಲಿ ಬೇಜಾರು ಸಾರ್. ನೀವೇ ಹೇಳಿದ್ರಲ್ಲ, ಬಾಗ್ಲು ತೆರ್ದಿರತ್ತೆ ಅಂತ.'

ನಿನ್ನೆ ಸಂಜೆ ಹಾರ ಹಾಕಿದ ಕೈಯಲ್ಲಿ ಇವತ್ತು ಬೆಳಗ್ಗೆ ಕತ್ತು ಹಿಡಿದು ನೂಕುವುದು ಹೇಗೆ? ಎಚ್‌ಓಡಿ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ಹೊರಟುಹೋದರು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಹೊಸ ಹೊಣೆ ಹೊತ್ತ ಉತ್ಸಾಹದಲ್ಲಿ ಎಚ್‌ಓಡಿ ದಿನಕ್ಕೊಮ್ಮೆ 'ಸಿಸ್ಟಂ ಚೆಕ್' ಮಾಡಲು ಬರುವರು. ಕುರ್ಚಿ ಖಾಲಿ ಇರುತ್ತಿರಲಿಲ್ಲ. ಸಂಜೆ ಲ್ಯಾಬಿಗೆ ಬೀಗ ಬಿದ್ದ ಮೇಲೆಯೇ ಇವರು ಚಾಮರಾಜಪೇಟೆಯ ಕಡೆ ನಡೆಯುತ್ತಿದ್ದುದು. ಜೀವಮಾನವಿಡೀ ಹೊರಗಿನವರನ್ನು ಲ್ಯಾಬಿನಿಂದ ಓಡಿಸಿದ ಮನುಷ್ಯ ಈಗ ತಾನೇ ಹೊರಗಿನವನಾಗಿ, ಯಾರು ಏನಂದರೂ ಕ್ಯಾರೇ ಅನ್ನದೆ ಬಂಡೆಯ ಹಾಗೆ ಕುಳಿತಿದ್ದರು. ಮಕ್ಕಳು ಕಿಸಿಕಿಸಿ ನಗುತ್ತಿದ್ದರು. 'ರಿಟೈರ್ ಆದ್ರೂ ಕುರ್ಚಿ ಆಸೆ ಬಿಟ್ಟಿಲ್ಲ' ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಅಂದದ್ದು ಅವರ ಕಿವಿಗೂ ಬಿತ್ತು. ಅವರ ಮುಖ ಸ್ವಲ್ಪ ಚಿಕ್ಕದಾಯಿತು. ನನಗೆ ಎದ್ದು ನಾಲ್ಕು ಬಿಗಿಯಬೇಕೆನಿಸಿತು. ಆದರೆ ಅಂದವರು ನನಗಿಂತ ಸೀನಿಯರ್.

ಬಂಡೆಗೂ ಹಸಿವಾಗುತ್ತದೆ. ಅವರು ಲ್ಯಾಬಿನೊಳಗೆ ಊಟ ಮಾಡರು; ತಾವೇ ಮಾಡಿದ ನಿಯಮ. ಹಾಗಾಗಿ ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಶೈಲಜಾ ಕೂರುತ್ತಿದ್ದರು. ಶೈಲಜಾಗೆ ಕ್ಲಾಸ್ ಇದ್ದ ಒಂದು ದಿನ ನನ್ನನ್ನು ಕೂರಿಸಿದರು. 'ಯಾರ್ ಬಂದ್ರೂ ಏಳ್ಬೇಡಿ ಮೇಷ್ಟ್ರೇ. ದೇವ್ರು ಬಂದ್ರೂ' ಎಂದು ಹೇಳಿ ಟಿಫನ್ ಕ್ಯಾರಿಯರ್ ಹಿಡಿದು ಹೊರಟರು. ದೇವರು ಬರಲಿಲ್ಲ, ಎಚ್‌ಓಡಿ ಬಂದರು.

'ಒಂಚೂರು ಏಳ್ರಿ, ಸಿಸ್ಟಂ ನೋಡ್ಬೇಕು' ಎಂದರು.

ನನ್ನ ಬಡ್ತಿಯ ಶಿಫಾರಸು ಅವರ ಮೇಜಿನ ಮೇಲಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಕಾಲು ತಾನಾಗಿಯೇ ಏಳಲು ಹೊರಟಿತು. ಅದನ್ನು ಅದುಮಿಟ್ಟುಕೊಂಡು, 'ಸಾರ್, ಸೊಂಟ ಹಿಡ್ಕೊಂಡಿದೆ. ಏಳಕ್ಕೇ ಆಗ್ತಿಲ್ಲ' ಎಂದುಬಿಟ್ಟೆ. ಆ ಕ್ಷಣಕ್ಕೆ ಹೊಳೆದದ್ದು ಅಷ್ಟೇ.

'ಅಯ್ಯೋ ಪಾಪ. ಪರವಾಗಿಲ್ಲ, ಕೂತಿರಿ' ಎಂದು ಅವರು ನನ್ನ ಹೆಗಲ ಮೇಲಿಂದ ಬಾಗಿದರು. ಹೇಳಿದೆನಲ್ಲ, ಮನುಷ್ಯ ಕೆಟ್ಟವರಲ್ಲ. ಬಾಗಿದವರು, 'ಹರಳೆಣ್ಣೆ ಬಿಸಿ ಮಾಡಿ ಹಚ್ಚಿ. ನಮ್ಮನೇಲಿ ಹಂಗೇ ಮಾಡೋದು' ಎನ್ನುತ್ತಾ ಕೀಬೋರ್ಡಿನ ಮೇಲೆ ಕೈ ಇಟ್ಟರು. ಎಡಗೈಯ ಎರಡು ಬೆರಳು ಕಂಟ್ರೋಲ್, ಆಲ್ಟ್ ಮೇಲೆ ಕುಳಿತವು. ಬಲಗೈ ಡಿಲೀಟ್ ಹುಡುಕುತ್ತಿತ್ತು.

ಆ ಬಲಗೈಯನ್ನು ಗಾಳಿಯಲ್ಲೇ ಯಾರೋ ಹಿಡಿದರು. ನಮ್ಮವರು! ಕೈ ತೊಳೆದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಎರಡೂ ಕೈಯಲ್ಲಿ ಎಚ್‌ಓಡಿಯವರ ಕೈ ಹಿಡಿದು ಗಟ್ಟಿಯಾಗಿ ಕುಲುಕಿದರು.

'ಕಂಗ್ರಾಚ್ಯುಲೇಷನ್ಸ್ ಸಾರ್!'

'ಯಾಕ್ರೀ?'

'ಕಮಿಟಿಯೋರು ನಮ್ ಲ್ಯಾಬ್ ಶಿಸ್ತನ್ನ ಅಷ್ಟೊಂದ್ ಹೊಗಳಿದ್ರಲ್ಲ. ಆವತ್ತೇ ಹೇಳ್ಬೇಕಿತ್ತು, ನಂಗೆ ಅಹಂಕಾರ ಅಡ್ಡ ಬಂತು. ಅದೆಲ್ಲ ನಿಮ್ಮಿಂದ್ಲೇ ಸಾರ್. ನಿಮ್ಮಂಥೋರು ಇರೋದ್ರಿಂದ್ಲೇ ಈ ಡಿಪಾರ್ಟ್‌ಮೆಂಟ್ ನಿಂತಿರೋದು.'

ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಸ್ವಂತ ಅಂಗಡಿಯ ಗಿರಾಕಿಯ ಮುಂದೆ ನಗಲಾರದ ಮನುಷ್ಯ ಹಲ್ಲು ಬಿಟ್ಟು ನಗುತ್ತಿದ್ದರು. ಎಚ್‌ಓಡಿ ಮೊದಲು ಅನುಮಾನದಿಂದ ನೋಡಿದರು, ಆಮೇಲೆ ಕರಗಿಹೋದರು. ಕೀಬೋರ್ಡಿನಿಂದ ಎಡಗೈಯನ್ನೂ ತೆಗೆದು ಇವರ ಕೈಯ ಮೇಲಿಟ್ಟು, 'ಇರ್ಲಿ ಬಿಡಿ ಸಾರ್, ನಂಗೂ ನಿಮ್ಮೇಲೆ ಗೌರವ ಇತ್ತು' ಎಂದರು. ಹಿಡಿದ ಕೈ ಬಿಡದೆ ಇವರು ಅವರನ್ನು ಕ್ಯಾಂಟೀನಿನವರೆಗೆ ನಡೆಸಿಕೊಂಡು ಹೋಗಿ ಕಾಫಿ ಕುಡಿಸಿದರು. ತಿರುಗಿ ಬಂದವರು ಲ್ಯಾಬಿನ ಹೊರಗಿನ ನಲ್ಲಿಯ ಹತ್ತಿರ ನಿಂತು ಬಾಯಿ ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು.

'ಏನ್ ಸಾರ್?' ಎಂದೆ, ಕುರ್ಚಿಯಿಂದಲೇ.

'ಬಾಯೆಲ್ಲ ಬೆಣ್ಣೆ ಆಗಿದೆ ಮೇಷ್ಟ್ರೇ. ಜಿಡ್ಡು ಹೋಗ್ತಾನೇ ಇಲ್ಲ' ಎಂದರು. ನಗಲಿಲ್ಲ. ಒಳಗೆ ಬಂದು, ನನ್ನನ್ನು ಎಬ್ಬಿಸಿ ತಾವೇ ಕುರ್ಚಿಯಲ್ಲಿ ಕುಳಿತರು. ಕೆಲಸದಲ್ಲಿದ್ದಷ್ಟು ಕಾಲ ಯಾರಿಗೂ ಬಗ್ಗದವರು, ನಿವೃತ್ತರಾಗಿ ಯಾರೂ ತಮಗೇನೂ ಮಾಡಲಾಗದ ಮೇಲೆ ಬಗ್ಗಿದ್ದರು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಇದೆ ಎಂದು 'ಸೊಂಟ ಹಿಡಿದುಕೊಂಡು' ಕುಳಿತಿದ್ದ ನನಗೆ ಆವತ್ತು ತಿಳಿಯಿತು.

ಲೆಕ್ಕ ಮುಗಿದದ್ದು ಒಂದು ಶನಿವಾರ. ಶೈಲಜಾ ಓಡಿಕೊಂಡು ಬಂದು, 'ಮುಗೀತು ಸರ್, ಬಂತು, ಪೂರ್ತಿ ಬಂತು' ಎಂದು ಅಳುವುದಕ್ಕೇ ಶುರು ಮಾಡಿದರು. ಇವರು ಕನ್ನಡಕ ಇಳಿಸಿ ಒರೆಸುತ್ತಾ, 'ಕಾಪಿ ಮಾಡ್ಕೊಂಡ್ರಾ?' ಎಂದರು.

'ಮಾಡ್ಕೊಂಡೆ ಸರ್.'

'ಎಷ್ಟು ಕಡೆ?'

'ಎರಡು.'

'ಇನ್ನೊಂದ್ ಕಡೆ ಇಡಿ. ಅಳೋದು ಆಮೇಲೆ.'

ಅದಾದ ಮೇಲೆ ಕುರ್ಚಿಯಿಂದ ಎದ್ದು, ಅದನ್ನು ಮೇಜಿನೊಳಗೆ ಸರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮತ್ತೆ ಆ ಕಡೆ ಬರಲಿಲ್ಲ. ಸೋಮವಾರ ಬೆಳಗ್ಗೆ ಎಚ್‌ಓಡಿ ಬಂದು ಖಾಲಿ ಕುರ್ಚಿಯಲ್ಲಿ ಕುಳಿತು, ನನ್ನ ಕಡೆ ತಿರುಗಿ ಸೊಂಟ ಹೇಗಿದೆ ಎಂದು ಕೇಳುತ್ತಾ ಮೂರು ಕೀ ಒತ್ತಿದರು. ನಂದಿ ಆರಿತು, ಮತ್ತೆ ಹೊತ್ತಿಕೊಂಡಿತು. ಯಾರೋ ಒಂದಿಬ್ಬರು ಅಯ್ಯೋ ಎಂದರು. 'ನೋಡಿದ್ರಾ? ಇಷ್ಟಕ್ಕೆ ಅಷ್ಟೊಂದು ರಾದ್ಧಾಂತ ಮಾಡ್ತಿದ್ರು ಮಹಾರಾಯ್ರು' ಎಂದರು ಎಚ್‌ಓಡಿ.

ಶೈಲಜಾ ಗಡುವಿನೊಳಗೆ ಪ್ರಬಂಧ ಒಪ್ಪಿಸಿದರು. ಅವರ ವೈವಾ ಮುಗಿದು ಡಾಕ್ಟರ್ ಆದ ಸುದ್ದಿಯನ್ನು ನಾನೇ ಫೋನಿನಲ್ಲಿ ನಮ್ಮವರಿಗೆ ಹೇಳಿದೆ. 'ಇನ್ಮೇಲೆ ಅವ್ರೂ ಮೂರು ಕೀ ಒತ್ತೋಕೆ ಶುರು ಮಾಡ್ತಾರೆ' ಎಂದರು. ನಾವು ಮಾತಾಡಿದ್ದು ಅದೇ ಕೊನೆ. ಕೆಲವು ವಾರಗಳ ನಂತರ ಒಂದು ಬೆಳಗ್ಗೆ ಪೂಜೆಗೆ ಕುಳಿತಲ್ಲೇ ಹೋಗಿಬಿಟ್ಟರು.

ಕಾಲೇಜಿನಲ್ಲಿ ಸಂತಾಪ ಸಭೆ. ಬಂದವರು ಒಂದು ಕ್ಲಾಸ್ ರೂಮಿನ ಅರ್ಧದಷ್ಟು. ಎಚ್‌ಓಡಿ ಮಾತಾಡಲು ಎದ್ದು ನಿಂತರು. ದಿವಂಗತರು ಸಮಯಪಾಲನೆಗೆ ಹೆಸರಾಗಿದ್ದರು, ಶುಭ್ರವಾದ ಬಟ್ಟೆ ಹಾಕುತ್ತಿದ್ದರು ಎಂದರು. ಸ್ವಲ್ಪ ಹೊತ್ತು ಮೈಕು ಸರಿಮಾಡಿಕೊಂಡು, ಸತ್ಯ ಹೇಳಿಬಿಡೋಣ ಎಂದುಕೊಂಡರೇನೋ, 'ಅವರಿದ್ದಷ್ಟು ವರ್ಷ ನಮ್ಮ ಲ್ಯಾಬಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ' ಎಂದು ಹೇಳಿ ಕುಳಿತುಕೊಂಡರು.

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಿರುಗಿ ನೋಡಿದರು. ಡಾಕ್ಟರ್ ಶೈಲಜಾ, ಕೆನ್ನೆಯ ಮೇಲೆ ನೀರು ಇಳಿಯುತ್ತಿದೆ, ಒರೆಸಿಕೊಳ್ಳುತ್ತಿಲ್ಲ, ತಟ್ಟುತ್ತಲೇ ಇದ್ದಾರೆ. ಸಂತಾಪ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದು ಎಂದು ನನಗೂ ಗೊತ್ತು. ನನ್ನ ಬಡ್ತಿಯ ಕಡತ ಆಗಲೂ ಎಚ್‌ಓಡಿಯವರ ಮೇಜಿನ ಮೇಲೆಯೇ ಇತ್ತು. ನಾನೂ ತಟ್ಟಿದೆ.